ಇಂದ್ರವ್ವನ ರೊಟ್ಟಿ ಮತ್ತು ಬಿಳಿಗಲ್ಲಿನ ದಾರಿ

ನಮ್ಮೂರಿನಲ್ಲಿ ನಡೆದವರ ಹೆಜ್ಜೆ ಅಮಾವಾಸ್ಯೆಯವರೆಗೆ ಅಳಿಯುವುದಿಲ್ಲ. ಗುಡಿಸಿದರೂ ಹೋಗುವುದಿಲ್ಲ, ನೀರು ಸುರಿದು ತಿಕ್ಕಿದರೂ ಹೋಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡರೆ ಚಪ್ಪಲಿಯನ್ನೂ ದಾಟಿ ನೆಲಕ್ಕೆ ಇಳಿಯುತ್ತದೆ. ಒಬ್ಬೊಬ್ಬರದು ಒಂದೊಂದು ಬಣ್ಣ. ನನ್ನದು ನೆನೆಸಿಟ್ಟ ಹೆಸರುಕಾಳಿನ ಹಸಿರು, ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ, ಇಂದ್ರವ್ವನದು ಕುಸುಬಿ ಹೂವಿನ ಕೇಸರಿ. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಊರೆಲ್ಲ ತೊಳೆದು ಬೋರಲು ಹಾಕಿದ ಹಂಚಿನ ಹಾಗೆ ಖಾಲಿ ಇರುತ್ತದೆ. ಹಾಲಿನವನು ಎಲ್ಲರಿಗಿಂತ ಮೊದಲು ಹೊರಟು ಬೀದಿಯ ಮೇಲೆ ತನ್ನ ಮಾಸಲು ನೀಲಿಯ ಸಾಲು ಎಳೆಯುತ್ತಾನೆ, ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಊರು ಮತ್ತೆ ಕೌದಿಯ ಹಾಗೆ ಬಣ್ಣಬಣ್ಣ. ಇದು ಯಾಕೆ ಹೀಗೆ ಎಂದು ಸಣ್ಣವಳಿದ್ದಾಗ ಅಜ್ಜಿಯನ್ನು ಕೇಳುತ್ತಿದ್ದೆ. ಅಜ್ಜಿ ದಿನಕ್ಕೊಂದು ಕಾರಣ ಹೇಳುತ್ತಿದ್ದಳು. ಒಂದು ದಿನ ಭೂಮಿತಾಯಿಗೆ ಮರೆವು ಕಡಿಮೆ ಎನ್ನುವಳು, ಇನ್ನೊಂದು ದಿನ ಯಾವಳೋ ರಾಜಕುಮಾರಿ ಗಂಡನನ್ನು ಹುಡುಕಲು ವರ ಬೇಡಿಕೊಂಡಳು ಎನ್ನುವಳು. ನನಗೆ ಎಲ್ಲ ಕಾರಣಗಳೂ ನಿಜವೆನಿಸುತ್ತಿದ್ದವು. ಈಗಲೂ ಅನಿಸುತ್ತವೆ.

ಊರಿನವರು ಇದಕ್ಕೆ ತಕ್ಕಂತೆ ಬದುಕು ಹೊಂದಿಸಿಕೊಂಡಿದ್ದಾರೆ. ಮಕ್ಕಳು ಕಣ್ಣಾಮುಚ್ಚಾಲೆ ಆಡುವುದಿದ್ದರೆ ಮರದ ಮೇಲೆ ಮಾತ್ರ ಆಡುತ್ತಾರೆ. ಗಂಡನ ಮನೆಯಿಂದ ಮುನಿಸಿಕೊಂಡು ಬಂದ ಹೆಣ್ಣುಮಗಳನ್ನು ಅಣ್ಣನೋ ತಮ್ಮನೋ ಊರ ಬಾಗಿಲಿನಲ್ಲೇ ಹೆಗಲಿಗೇರಿಸಿಕೊಂಡು ತರುತ್ತಾನೆ. ಮೋಹ ಹತ್ತಿದ ಹುಡುಗರು ಸೈಕಲ್ ಕಲಿಯುತ್ತಾರೆ. ಎಲ್ಲಕ್ಕಿಂತ ಮೇಲಾದ ಒಂದು ಮರ್ಯಾದೆ ಇದೆ. ಯಾರ ಹೆಜ್ಜೆ ಎಲ್ಲಿಗೆ ಹೋಗಿದೆ ಎಂದು ಎಲ್ಲರೂ ನೋಡುತ್ತಾರೆ, ನೋಡಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದವನನ್ನು ಹುಟ್ಟಿಸಿದವರಿಗೆ ಬುದ್ಧಿ ಇರಲಿಲ್ಲ ಎಂದು ಅರ್ಥ. ಬೇವಿನಮರದ ಕಟ್ಟೆಯ ಮೇಲೆ ಕೂರುವ ಮುದುಕರು ಬೆಳಿಗ್ಗೆ ಎದ್ದು ಬೀದಿಯನ್ನು ಪೇಪರಿನ ಹಾಗೆ ಓದುತ್ತಾರೆ, ಆದರೆ ಮಾತಾಡುವುದು ಮಾತ್ರ ಮೋಡದ ಬಗ್ಗೆ, ಕಡಲೆ ಬೆಳೆಯ ಬಗ್ಗೆ. ಹೊರಗಿನಿಂದ ಬಂದವರ ಹೆಜ್ಜೆಯೂ ಹೀಗೆ ಉಳಿಯುತ್ತದೆ, ಆದರೆ ಅವರ ಕಣ್ಣಿಗೆ ಯಾವ ಹೆಜ್ಜೆಯೂ ಕಾಣುವುದಿಲ್ಲ. ಅವರಿಗೆ ನಮ್ಮೂರು ಧೂಳಿನ ಬೀದಿಗಳ ಊರು, ಅಷ್ಟೆ.

ಅಜ್ಜಿ ಹೋದ ಮೇಲೆ ನನ್ನನ್ನು ಇಟ್ಟುಕೊಂಡವಳು ಚಿಗವ್ವ. ಅವಳ ಕಸುಬು ರೊಟ್ಟಿ. ಖಡಕ್ ರೊಟ್ಟಿ ಅನೇಕರು ಮಾಡುತ್ತಾರೆ. ಚಿಗವ್ವನ ರೊಟ್ಟಿಯನ್ನು ಕಿಟಕಿಗೆ ಹಿಡಿದರೆ ಆಚೆಯವರ ಮುಖ ಕಾಣಬೇಕು, ಅಷ್ಟು ತೆಳ್ಳಗೆ. ಅವಳು ಬಡಿಯುವ ಸದ್ದಿಗೆ ನಮ್ಮ ಓಣಿ ಏಳುತ್ತಿತ್ತು. ಮದುವೆಯಿರಲಿ, ತಿಥಿಯಿರಲಿ, ಇಂದ್ರವ್ವನ ಬುಟ್ಟಿ ಬರದೆ ಎಲೆ ಹಾಕುತ್ತಿರಲಿಲ್ಲ. ಅವಳ ಗಂಡ ಬೋರ್‌ವೆಲ್ ಲಾರಿಯ ಮೇಲೆ ದೇಶ ಸುತ್ತುತ್ತಿದ್ದವನು. ಒಂದು ಸಲ ಜ್ವರ ಹೊತ್ತುಕೊಂಡು ಬಂದ, ಮತ್ತೆ ಲಾರಿ ಹತ್ತಲಿಲ್ಲ. ಆಗ ಮಾಡಿದ ರಕ್ತಪರೀಕ್ಷೆಯಲ್ಲಿ ಚಿಗವ್ವನಿಗೂ ಎಚ್‌ಐವಿ ಇದೆ ಎಂದು ತಿಳಿಯಿತು. ದಿನಾ ತಪ್ಪದೆ ಗುಳಿಗೆ ನುಂಗಬೇಕು, ನುಂಗಿದರೆ ಎಲ್ಲರ ಹಾಗೆ ಬದುಕಬಹುದು ಎಂದರು. ಚಿಗವ್ವ ನುಂಗಿದಳು, ಎಲ್ಲರ ಹಾಗೆ ಬದುಕಿದಳು. ಈ ವಿಷಯ ನನಗೊಬ್ಬಳಿಗೆ ಮಾತ್ರ ಗೊತ್ತು ಎಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ.

ಆ ದಿನಗಳಲ್ಲಿ ಗುಳಿಗೆ ಕೊಡುತ್ತಿದ್ದುದು ಆಸ್ಪತ್ರೆಯ ಮುಂಬಾಗಿಲಿನ ಕಿಂಡಿಯಲ್ಲಿ. ಕೆಮ್ಮಿನವರು, ಕಜ್ಜಿಯವರು, ಮಗುವಿಗೆ ಚುಚ್ಚಿಸಲು ಬಂದವರು, ಎಲ್ಲರೂ ಅಲ್ಲೇ ನಿಲ್ಲುತ್ತಿದ್ದರು. ನೆಲದ ಮೇಲೆ ಬಣ್ಣದ ಸಂತೆ. ಆ ಸಂತೆಯಲ್ಲಿ ಕುಸುಬಿ ಹೂವಿನ ಒಂದು ಸಾಲನ್ನು ಯಾರು ಹುಡುಕುತ್ತಾರೆ? ಆಮೇಲೆ ಡಾಕ್ಟರ್ ಪದ್ಮನಾಭ ಬಂದರು. ಒಳ್ಳೆಯ ಮನುಷ್ಯ. ಕೈ ಮುಟ್ಟಿ ನಾಡಿ ನೋಡುವವರು, ಬೈಯದವರು. ಇಂಥ ಕಾಯಿಲೆಯವರು ಹತ್ತು ಜನರ ನಡುವೆ ನಿಂತು ಔಷಧಿ ಕೇಳುವುದು ಅವರಿಗೆ ಸಂಕಟವಾಯಿತು. ಎಲ್ಲೆಲ್ಲೋ ಬರೆದು, ಯಾರ್‍ಯಾರನ್ನೋ ಕಂಡು, ಆಸ್ಪತ್ರೆಯ ಹಿಂದೆ ಒಂದು ಪ್ರತ್ಯೇಕ ಕೋಣೆ ಕಟ್ಟಿಸಿದರು. ಕಿಟಕಿಗೆ ಪರದೆ. ಬಾಗಿಲಿಗೆ ಬೋರ್ಡೇ ಇಲ್ಲ. ಬೀದಿಯಿಂದ ಆ ಕೋಣೆಗೆ ಅದರದೇ ಆದ ಒಂದು ದಾರಿ, ಬಿಳಿಗಲ್ಲು ಹಾಸಿದ್ದು, ಎರಡು ಬದಿಗೆ ಕಣಗಿಲೆ ಹೂವಿನ ಗಿಡ. ಇನ್ನು ಯಾರೂ ಯಾರಿಗೂ ಕಾಣದೆ ಬಂದು ಹೋಗಬಹುದು ಎಂದು ಡಾಕ್ಟರಿಗೆ ಸಮಾಧಾನ.

ಬಿಳಿಗಲ್ಲಿನ ಮೇಲೆ ಬಣ್ಣ ಹೇಗೆ ಕಾಣುತ್ತದೆ ಎಂದು ನಾನು ಬೇರೆ ಹೇಳಬೇಕೆ? ಮೊದಲ ತಿಂಗಳೇ ಆ ದಾರಿಯ ಮೇಲೆ ಕೆಲವೇ ಸಾಲುಗಳು, ಒಂದಕ್ಕೊಂದು ತಾಗದೆ, ಬಿಡಿಸಿಟ್ಟ ದಾರದ ಹಾಗೆ, ಅದರಲ್ಲೊಂದು ಕುಸುಬಿ ಹೂವಿನದು. ಡಾಕ್ಟರಿಗೆ ಅವು ಕಾಣುತ್ತಿರಲಿಲ್ಲ. ಕಾಣುವವರು ಹೇಳುವಂತಿರಲಿಲ್ಲ. ಹೇಳಿದರೆ ನಿನಗೆ ಆ ದಾರಿ ಹೇಗೆ ಗೊತ್ತು ಎಂಬ ಮಾತು ಬರುತ್ತದೆ. ಅಮಾವಾಸ್ಯೆಯ ಹಿಂದಿನ ದಿನ ಹೋದರೆ ಹೆಜ್ಜೆ ಒಂದೇ ದಿನ ಉಳಿಯುತ್ತದೆ ಎಂದು ಚಿಗವ್ವ ಉಪಾಯ ಮಾಡಿದಳು. ಉಳಿದವರಿಗೂ ಅದೇ ಉಪಾಯ ಹೊಳೆದಿತ್ತು. ಆ ದಿನ ಆ ದಾರಿಯ ತುದಿಗೆ ಬಂದವರು ಒಬ್ಬರನ್ನೊಬ್ಬರು ಕಂಡು, ಬಸ್ಸು ತಪ್ಪಿದವರ ಹಾಗೆ ಮುಖ ಮಾಡಿಕೊಂಡು ಹಿಂದಿರುಗಿದರಂತೆ.

ನನಗೆ ಮಾತ್ರ ಅವಳು ತಿಂಗಳು ತಿಂಗಳು ಹೇಳುತ್ತಿದ್ದುದು ಒಂದೇ ಮಾತು. "ಹೋಗಿ ಬಂದ್ನೆವ್ವ. ಡಾಕ್ಟರು ನಿನ್ನ ಕೇಳಿದ್ರು." ಅವಳ ಹೆಜ್ಜೆ ಇದೆಯೇ ಎಂದು ಆ ದಾರಿಗೆ ಹೋಗಿ ನೋಡದೆ ನಾನು ನಂಬಿದೆ. ಅಷ್ಟರಲ್ಲಿ ರೊಟ್ಟಿ ದಪ್ಪವಾಗತೊಡಗಿತ್ತು. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ. ಬಡಿಯುವ ಸದ್ದು ನಡುನಡುವೆ ನಿಂತು ಉಸಿರು ತಗೊಳ್ಳುತ್ತಿತ್ತು. ಬಾಯಲ್ಲಿ ಹುಣ್ಣು ಎಂದು ಮೆಣಸಿನಕಾಯಿ ಚಟ್ನಿ ಬಿಟ್ಟಳು. ಏನಾಗಿದೆ ಎಂದು ಕೇಳಿದರೆ, "ಈ ಸಲದ ಜ್ವಾಳಾನ ಸರಿ ಇಲ್ಲ, ಹಿಟ್ಟಿಗೆ ಜಿಗಿನ ಇಲ್ಲ," ಎಂದು ತಪ್ಪನ್ನು ಜೋಳದ ಮೇಲೆ ಹಾಕಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ರೋಹಿಣಿ ಮೇಡಂ ಬಂದರು. ಅವರೂ ಹೊರಗಿನವರೇ, ಆಸ್ಪತ್ರೆಯ ಹಿಂದಿನ ಆ ಕೋಣೆಯಲ್ಲಿ ರೋಗಿಗಳಿಗೆ ಸಮಾಧಾನ ಹೇಳುವ ಕೆಲಸದವರು. ಗುಳಿಗೆ ಬಿಟ್ಟವರನ್ನು ಮನೆಗೇ ಹೋಗಿ ಕಂಡು ಬನ್ನಿ ಎಂದು ಡಾಕ್ಟರು ಕಳಿಸಿದ್ದರು. ಪಾಪ, ಯಾರ ಕಣ್ಣಿಗೂ ಬೀಳಬಾರದು ಎಂದು ಮುಖ್ಯಬೀದಿ ಬಿಟ್ಟು, ಹಿತ್ತಿಲ ಸಂದಿಗಳನ್ನೆಲ್ಲ ಸುತ್ತಿ, ಬೆವರು ಒರೆಸಿಕೊಳ್ಳುತ್ತ ನಮ್ಮ ಹೊಸ್ತಿಲಿಗೆ ಬಂದು ಮೆಲ್ಲನೆ, "ಇಂದ್ರವ್ವ ಅವರು ಇದ್ದಾರಾ?" ಎಂದರು. ಅವರ ಬೆನ್ನ ಹಿಂದೆ ಬದನೆಕಾಯಿ ಬಣ್ಣದ ಹೆಜ್ಜೆಗಳು ಬಿಳಿಗಲ್ಲಿನ ದಾರಿಯಿಂದ ಹಿಡಿದು ಎಲ್ಲ ಸಂದಿಗಳಲ್ಲಿ ಹಾದು ನೇರವಾಗಿ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದವು.

ಚಿಗವ್ವ ಆ ಸಾಲನ್ನು ನೋಡಿದಳು, ಮೇಡಮ್ಮಿನ ಮುಖ ನೋಡಿದಳು. ಹಿಟ್ಟಿನ ಕೈಯಲ್ಲೇ ಅವರ ಮುಂಗೈ ಹಿಡಿದಳು. "ಬರ್ರಿ ಬಾಯಾರ, ನಮ್ಮ ಓಣಿ ನೋಡೀರೇನು? ನೋಡಿಲ್ಲಲ್ಲ? ನೋಡ್ಬೇಕ್ರಿ." ಮೇಡಂ ಏನು ಎತ್ತ ಎನ್ನುವಷ್ಟರಲ್ಲಿ ಪಕ್ಕದ ಮನೆಯೊಳಗೆ ನೂಕಿದಳು. "ಬಾಯಾರು ಸಣ್ಣ ಹುಡುಗರನ್ನ ನೋಡಾಕ ಬಂದಾರ. ಕೂಸಿನ್ನ ತೋರ್ಸು, ಚಾ ಇಡು." ಅಲ್ಲಿಂದ ಆಚೆ ಮನೆ, ಅಲ್ಲಿಂದ ಎದುರು ಮನೆ. ಕೂಸಿಲ್ಲದ ಮನೆಯಲ್ಲಿ ಎಮ್ಮೆಯ ಕರು ತೋರಿಸಿದಳು. ಸಂಜೆಯ ಹೊತ್ತಿಗೆ ರೋಹಿಣಿ ಮೇಡಂ ಓಣಿಯ ಪ್ರತಿ ಮನೆಯ ಚಹಾ ಕುಡಿದು, ಮಂಡಕ್ಕಿ ತಿಂದು, ಕಣ್ಣು ತೇಲಿಸಿಕೊಂಡು ನಮ್ಮ ಕಟ್ಟೆಗೆ ಬಂದು ಕುಸಿದರು. ಈಗ ಬದನೆಕಾಯಿ ಬಣ್ಣ ಎಲ್ಲರ ಬಾಗಿಲಲ್ಲೂ ಇತ್ತು. ಚಿಗವ್ವ ಸೆರಗಿನಿಂದ ಹಣೆ ಒರೆಸಿಕೊಂಡು, "ಈಗ ಹೇಳ್ರಿ ಬಾಯಾರ, ಏನ್ ಬಂದ್ರಿ?" ಎಂದಳು.

ಮೇಡಂ ಉಸಿರು ಎಳೆದುಕೊಂಡು ಹೇಳಿದರು. "ನೀವು ಚಳಿಗಾಲದಿಂದ ಮಾತ್ರೆ ತಗೊಂಡು ಹೋಗಿಲ್ಲ. ಯಾಕೆ ಅಂತ ಕೇಳೋಕೆ ಬಂದೆ."

ನಾನು ಒಳಗೆ ರೊಟ್ಟಿ ಜೋಡಿಸುತ್ತಿದ್ದವಳು ಅಲ್ಲೇ ನಿಂತೆ. ಚಿಗವ್ವ ನನ್ನ ಕಡೆ ನೋಡಲಿಲ್ಲ. "ಬರ್ತೀನ್ರಿ," ಎಂದಳು. "ಕೆಲಸ ಭಾಳ ಇತ್ತ್ರಿ. ಇಷ್ಟರಾಗ ಬರ್ತೀನಿ." ಮೇಡಂ ಹೋದ ಮೇಲೆ ನಾನು ಒಲೆಯ ಮುಂದೆ ಅವಳಿಗೆ ಎದುರಾಗಿ ಕುಳಿತೆ.

"ಚಿಗವ್ವ, ಸುಳ್ಳ ಹೇಳಿದಿ."

"ಹ್ಞೂಂ, ಹೇಳಿದೆ. ಹಿಟ್ಟು ಸರಸು ಇಕ್ಕಡೆ."

"ಯಾಕ ಬಿಟ್ಟಿ?"

"ನುಂಗಿದ್ರ ಒಮ್ಮೊಮ್ಮೆ ತಲಿ ತಿರುಗ್ತಿತ್ತು, ರೊಟ್ಟಿ ಬಡಿಯೂ ಹೊತ್ತಿನ್ಯಾಗ. ಬಿಟ್ಟ ಮ್ಯಾಲ ಆರಾಮ ಆತು. ಮೊದಮೊದಲ ಭಾಳ ಆರಾಮ ಆತು." ಒಂದು ರೊಟ್ಟಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದಳು. "ಮತ್ತ ಆ ದಾರಿ. ನನ್ನ ಹೆಜ್ಜಿ ಆ ದಾರ್‍ಯಾಗ ತಿಂಗಳಾ ಕಂಡ್ರ ನಾಳಿಂದ ಈ ರೊಟ್ಟಿ ಯಾರ್ ತಿಂತಾರ? ದರ್ಜಿ ಮನಿಯವರು ನನ್ನ ರೊಟ್ಟಿ ತಗೊಳ್ಳೂದು ಯಾಕ ಬಿಟ್ರು ಅಂದ್ಕೊಂಡಿ?"

"ನಾ ಹೋಗಿ ತರ್ತೀನಿ, ಕೊಡ್ತಾರ."

ಚಿಗವ್ವ ಅಲ್ಲಿಯವರೆಗೆ ತಣ್ಣಗಿದ್ದವಳು ಸಿಡಿದಳು. "ಹೆಸರುಕಾಳಿನ ಬಣ್ಣ ಆ ಬಿಳಿಗಲ್ಲಿನ ಮ್ಯಾಲ ಹೆಂಗ ಕಾಣ್ತೇತಿ ಗೊತ್ತೇನು ನಿನಗ? ಮದುವಿ ಆಗೂ ಹುಡುಗಿ!"

"ನನಗ ಮದುವಿ ಬ್ಯಾಡ."

"ಹಂಗಾರ ನನಗ ಗುಳಗಿನೂ ಬ್ಯಾಡ. ಸರಿ ಹೋತಲ್ಲ?" ಎಂದು ನಕ್ಕಳು. ನಗುತ್ತಲೇ ಕೆಮ್ಮು ಬಂತು. ಹಂಚಿನ ಮೇಲಿನ ರೊಟ್ಟಿ ಸೀದು ಹೋಗುವವರೆಗೂ ಕೆಮ್ಮು ನಿಲ್ಲಲಿಲ್ಲ.

ಅದಾದ ಕೆಲವು ದಿನಕ್ಕೆ ಸೈಕಲ್ ಅಂಗಡಿಯ ಯಮನೂರಪ್ಪ ತೀರಿಕೊಂಡ. ಇನ್ನೂ ಮೀಸೆ ನರೆಯದ ಮನುಷ್ಯ, ಪಂಕ್ಚರ್ ಹಾಕುತ್ತ ಹಾಡು ಹೇಳುತ್ತಿದ್ದವನು. ನಮ್ಮೂರಿನಲ್ಲಿ ಸತ್ತವರ ಹೆಜ್ಜೆಯೂ ಅಮಾವಾಸ್ಯೆಯವರೆಗೆ ಇರುತ್ತದೆ. ಮಣ್ಣು ಮಾಡಿ ಬಂದ ಮರುದಿನ ನೋಡಿದರೆ ಅವನ ಇಟ್ಟಿಗೆ ಬಣ್ಣದ ಹೆಜ್ಜೆಗಳು ಅಂಗಡಿಯಿಂದ ಚಹಾದಂಗಡಿಗೆ, ಚಹಾದಂಗಡಿಯಿಂದ ಗಿರಣಿಗೆ, ಗಿರಣಿಯಿಂದ ಮನೆಗೆ ಇನ್ನೂ ಓಡಾಡುತ್ತಿದ್ದ ಹಾಗೇ ಇದ್ದವು. ಒಂದು ಸಾಲು ಮಾತ್ರ ಬಿಳಿಗಲ್ಲಿನ ದಾರಿಯ ತುದಿಯವರೆಗೆ ಹೋಗಿ, ಅಲ್ಲಿ ಎರಡೂ ಪಾದ ಜೋಡಿಸಿ ನಿಂತು, ಹಿಂದಿರುಗಿತ್ತು. ಹಾಗೆ ಹೋಗಿ ನಿಂತು ಹಿಂದಿರುಗಿದ್ದು ಒಂದು ಸಲವಲ್ಲ. ಅಲ್ಲಿನ ನೆಲ ಕೆಂಪಾಗಿ ಹೆಪ್ಪುಗಟ್ಟಿತ್ತು. ಊರವರೆಲ್ಲ ಅದನ್ನು ದಾಟಿಕೊಂಡು ಓಡಾಡಿದರು. ಎಲ್ಲರೂ ನೋಡಿದರು. ಎಲ್ಲರೂ ಮೋಡದ ಬಗ್ಗೆ ಮಾತಾಡಿದರು.

ನಾನು ಮನೆಗೆ ಬಂದಾಗ ಚಿಗವ್ವ ಗೋಡೆಗೆ ಒರಗಿ ಕುಳಿತಿದ್ದಳು, ಮುಂದೆ ನಾದಿಟ್ಟ ಹಿಟ್ಟು. ಎದ್ದು ಬಡಿಯಲು ತೋಳಿನಲ್ಲಿ ಬಲವಿರಲಿಲ್ಲ. "ಸ್ವಲ್ಪ ಹೊತ್ತಿಗೆ ಏಳ್ತೀನಿ," ಎಂದಳು. ಹಿಟ್ಟು ಒಣಗಿ ಬಿರಿಯುತ್ತಿತ್ತು. ಬರುವ ಅಮಾವಾಸ್ಯೆ ಕಳೆದ ಮೇಲೆ ನಮ್ಮ ಅಂಗಳದಲ್ಲಿ ಕುಸುಬಿ ಹೂವಿನ ಬಣ್ಣ ಮತ್ತೆ ಮೂಡದೆ ಹೋದರೆ ಎಂದು ಒಂದು ಕ್ಷಣ ಕಣ್ಣ ಮುಂದೆ ಬಂತು. ನಾನು ನಿಂತಲ್ಲಿಂದಲೇ ತಿರುಗಿ ಬೇವಿನಮರದ ಕಟ್ಟೆಗೆ ನಡೆದೆ.

ಕಟ್ಟೆಯ ಮೇಲೆ ಮುದುಕರು ಎಂದಿನಂತೆ ಕುಳಿತಿದ್ದರು, ನಡುವೆ ಫಕೀರಪ್ಪ ಕಾಕಾ. ಬಸ್ಸಿನ ಕಂಡಕ್ಟರ್ ಆಗಿದ್ದವರು, ಈಗ ಬಾಯಲ್ಲಿ ಒಂದೂ ಹಲ್ಲಿಲ್ಲ. "ಬಾ ಕಸ್ತೂರಿ," ಎಂದರು. "ಮ್ವಾಡ ಕಟ್ಟೇತಿ ನೋಡು ಪಡುವಣಕ್ಕ."

"ಕಾಕಾ, ಮ್ವಾಡದ ಮಾತು ಬ್ಯಾಡ," ಎಂದೆ. "ಯಮನೂರಣ್ಣನ ಹೆಜ್ಜಿ ಎಲ್ಲಿ ನಿಂತಾವ, ನೀವು ನೋಡಿಲ್ಲೇನು? ನಮ್ಮ ಚಿಗವ್ವನ ಹೆಜ್ಜಿ ಎಲ್ಲಿ ಹೋಗೂದು ಬಿಟ್ಟಾವ, ಗೊತ್ತಿಲ್ಲೇನು?"

ಮುದುಕರು ತಲೆ ಮೇಲೆತ್ತಿ ಬೇವಿನ ಎಲೆ ಎಣಿಸುವವರ ಹಾಗೆ ಕುಳಿತರು. ನಮ್ಮೂರಿನಲ್ಲಿ ಹೆಣ್ಣುಮಗಳೊಬ್ಬಳು ಹೀಗೆ ಬಾಯಿಬಿಟ್ಟು ಕೇಳಿದ್ದು ಅಜ್ಜಿಯ ಕಥೆಗಳಲ್ಲಿಯೂ ಇರಲಿಲ್ಲ. ಫಕೀರಪ್ಪ ಕಾಕಾ ಹೆಗಲ ಟವೆಲ್ ತೆಗೆದು ಮೊಣಕಾಲಿನ ಮೇಲೆ ಹಾಕಿಕೊಂಡರು.

"ಯವ್ವಾ, ನಾವೇನು ಓದಾಕ ಬರದವರಾ? ಆ ದಾರಿ ಹಾಕಿದ ಮೊದಲ ದಿನಾನ ಇಂದ್ರವ್ವನ ಹೆಜ್ಜಿ ಕಂಡೀವಿ. ಹೆಂಗಸರೂ ಕಂಡಾರ. ಊರಿಗೂರ ಕಂಡೇತಿ."

"ಮತ್ತ?"

"ಮತ್ತೇನು? ಅವತ್ತ ಸಂಜಿಕ ನಮ್ಮ ಮನಿಗೆ ಅಕಿ ಮಾಡಿದ ರೊಟ್ಟೀನ ತಂದೀವಿ. ಬುತ್ತಿಯಿಂದ ಬರೂ ಬ್ಯಾನಿ ಅಲ್ಲ ಅದು ಅಂತ ಡಾಕ್ಟರ ಗ್ವಾಡಿ ತುಂಬ ಚಿತ್ರ ಹಚ್ಯಾರಲ್ಲ, ಓದೀವಿ. ದರ್ಜಿ ಹೆಂಡತಿ ಒಬ್ಬಾಕಿ ಬಿಟ್ಲು, ಬಿಡ್ಲಿ. ಉಳಿದವರು ತಿಂದೀವಿ, ತಿಂತೀವಿ." ದನಿ ಇಳಿಸಿದರು. "ಅಕಿ ಹೋಗೂದು ಬಿಟ್ಟದ್ದೂ ಕಂಡ್ವಿ. ಕೇಳಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂತು. ಹೆಂಗ ಕೇಳೂದವ್ವ? ಕೇಳಬಾರದಲ್ಲ."

ಹೆಜ್ಜೆ ಕಂಡೂ ಕಾಣದಂತಿರುವುದು ನಮ್ಮವರಿಗೆ ಮರ್ಯಾದೆ. ಆ ಮರ್ಯಾದೆಯನ್ನು ಚಿಗವ್ವ ದರ್ಜಿ ಮನೆಯವರ ಹೊರತು ಯಾರಿಗೂ ಗೊತ್ತಿಲ್ಲ ಎಂದು ತಿಳಿದುಕೊಂಡು, ಗೊತ್ತಾಗದಿರಲಿ ಎಂದು ಪ್ರಾಣ ಒತ್ತೆಯಿಟ್ಟಿದ್ದಳು. ಯಮನೂರಣ್ಣನೂ ಅಷ್ಟೆ. ನಾನು ಮನೆಗೆ ಓಡಿ ಬಂದು ಎಲ್ಲ ಹೇಳಿದೆ. ಅಳುತ್ತಾಳೆ, ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಚಿಗವ್ವ ಮೊದಲು ಬೆಳ್ಳಗಾದಳು, ಆಮೇಲೆ ಕೆಂಪಗಾದಳು.

"ಗೊತ್ತಿತ್ತಂತ?"

"ಹ್ಞೂಂ."

"ಎಲ್ಲಾರಿಗೂ?"

"ಎಲ್ಲಾರಿಗೂ."

"ನಾ ಇಲ್ಲಿ ಸಾಯಾಕ ಕುಂತೀನಿ, ಇವರು ನೋಡಕೋತ ರೊಟ್ಟಿ ಮುರಕೊಂಡು ತಿಂದಾರ?" ಗೋಡೆ ಹಿಡಿದು ಎದ್ದಳು. ಸೆರಗು ಬಿಗಿದಳು. ತೋಳಿನಲ್ಲಿ ಇಲ್ಲದ ಬಲ ಅವಳ ಗಂಟಲಿಗೆ ಬಂದಿತ್ತು. "ನಡಿ, ಆ ಮುದುಕರನ್ನ ಒಂದ್ ಕೈ ನೋಡ್ಕೊಂಡ ಬರ್ತೀನಿ."

ನಾನು ಒಂದು ತೋಳು ಹಿಡಿದಿದ್ದೆ, ಇನ್ನೊಂದು ಕೈ ಅವಳು ಬೀಸುತ್ತಿದ್ದಳು. ಕಟ್ಟೆಗೆ ಹೋಗಿ ನಿಂತು ಬೈದ ಬೈಗಳನ್ನು ಇಲ್ಲಿ ಬರೆಯಲಾಗದು. "ನಾಲಿಗಿ ಎಲ್ಲಿ ಅಡವಿಟ್ಟಿದ್ರಿ? ಒಂದ್ ಮಾತು, 'ಇಂದ್ರವ್ವ, ಯಾಕ ಹೋಗವಲ್ಲಿ' ಅಂತ ಒಂದ್ ಮಾತು ಕೇಳಿದ್ರ ನಿಮ್ಮ ಗಂಟ ಹೋಗ್ತಿತ್ತೇನು?" ಎಂದು ಮುಗಿಸುವಷ್ಟರಲ್ಲಿ ಏದುಸಿರು ಬಂತು. ಫಕೀರಪ್ಪ ಕಾಕಾ ಕಟ್ಟೆಯಿಂದ ಇಳಿದು ಅವಳ ಮುಂದೆ ನಿಂತರು. ನಿಂತು ಸರಿಯಾಗಿ ಅದೇ ಮಾತು ಕೇಳಿದರು. "ಇಂದ್ರವ್ವ, ಯಾಕ ಹೋಗವಲ್ಲಿ?"

"ಹೊಂಟೀನಿ, ಕಾಣವಲ್ದೇನು?" ಎಂದು ಚಿಗವ್ವ ಆಸ್ಪತ್ರೆಯ ಕಡೆ ತಿರುಗಿದಳು.

"ಹಂಗಾರ ನಾನೂ ಬರ್ತೀನಿ, ಮೊಣಕಾಲು ನೋವು," ಎಂದು ಕಾಕಾ ಹೊರಟರು. ಮತ್ತೊಬ್ಬ ಮುದುಕನಿಗೆ ಆಗಲೇ ಬಿಕ್ಕಳಿಕೆ ಶುರುವಾಯಿತು. ನಮ್ಮ ಓಣಿಯ ಹೆಂಗಸರು ಬುಟ್ಟಿ ಕೆಳಗಿಟ್ಟು, ಕೂಸು ಎತ್ತಿಕೊಂಡು ಹಿಂದೆ ಬಂದರು. ಒಬ್ಬಳಿಗೆ ಹಲ್ಲು ನೋವು, ಒಬ್ಬಳಿಗೆ ಉಗುರು ಸುತ್ತು. ಕೂಸು ತೂಗಿಸಿ ಭಾಳ ದಿನವಾಯಿತೆಂದು ಇನ್ನೊಬ್ಬಳು. ದರ್ಜಿಯ ಮನೆಯ ಕಿಟಕಿ ಮುಚ್ಚಿಕೊಂಡಿತು. ಚಿಗವ್ವ ದಾರಿಯುದ್ದಕ್ಕೂ ಹಿಂದಿರುಗಿ ಎಲ್ಲರನ್ನೂ ಬೈಯುತ್ತಲೇ ನಡೆದಳು. ಯಮನೂರಣ್ಣನ ಮನೆಯ ಮುಂದೆ ಮಾತ್ರ ಬಾಯಿ ಮುಚ್ಚಿದಳು. ಅವನ ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದವಳು, ಚಪ್ಪಲಿಯನ್ನೂ ಮೆಟ್ಟದೆ, ನಮ್ಮ ನಡುವೆ ಬಂದು ಸೇರಿಕೊಂಡಳು.

ಬಿಳಿಗಲ್ಲಿನ ದಾರಿಯ ತುದಿಯಲ್ಲಿ ಆ ಕೆಂಪು ಹೆಪ್ಪುಗಟ್ಟಿದ ಜಾಗ ಬಂತು. ಚಿಗವ್ವ ಕಾಲು ತಡೆದಳು. ಹಿಂದಿರುಗಿಬಿಡುತ್ತಾಳೆ ಎಂದುಕೊಂಡೆ. ಆದರೆ ಹಿಂದೆ ಅಷ್ಟು ಜನ ಒತ್ತಿ ನಿಂತಿದ್ದರು, ಹಿಂದಿರುಗಲು ಜಾಗವೇ ಇರಲಿಲ್ಲ. ಅವಳು ಮೊದಲ ಕಲ್ಲಿನ ಮೇಲೆ ಕಾಲಿಟ್ಟಳು. ಆಮೇಲೆ ಎಲ್ಲ ಕಾಲುಗಳೂ ಒಟ್ಟಿಗೇ.

ಕಿಟಕಿಯ ಪರದೆ ಸರಿಸಿ ನೋಡಿದ ಡಾಕ್ಟರ್ ಪದ್ಮನಾಭ ಗಾಬರಿಯಾದರು. "ರೋಹಿಣಿ, ಇಷ್ಟೂ ಜನಾನಾ? ಕುರ್ಚಿ ತರಿಸಿ!" ಮೇಡಂ ಹೊರಗೆ ಬಂದು ನೋಡಿ, ತಮಗೆ ಚಹಾ ಕೊಟ್ಟ ಅಷ್ಟೂ ಮುಖಗಳನ್ನು ಗುರುತು ಹಿಡಿದು, ಹೊಟ್ಟೆ ಮುಟ್ಟಿಕೊಂಡು ನಕ್ಕುಬಿಟ್ಟರು. ಒಳಗೆ ಡಾಕ್ಟರು ಚಿಗವ್ವನ ಕಣ್ಣು, ನಾಲಿಗೆ, ತೂಕ ನೋಡಿದರು, ರಕ್ತ ತೆಗೆದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಇನ್ನೂ ತಡವಾಗಿಲ್ಲ ಎಂದರು. ತಲೆ ತಿರುಗಿದ್ದನ್ನು ಮೊದಲೇ ಹೇಳಿದ್ದರೆ ಬೇರೆ ಗುಳಿಗೆ ಕೊಡುತ್ತಿದ್ದೆ ಎಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯದವರ ದನಿಯಲ್ಲಿ ಕೇಳಿದರು. "ನಿಮಗೋಸ್ಕರ ಅಂತಾನೇ ಇಷ್ಟೆಲ್ಲ ಮಾಡಿದೆ. ಯಾಕಮ್ಮ ಬಿಟ್ಟುಬಿಟ್ರಿ?"

ಚಿಗವ್ವ ಅವರ ಮುಖವನ್ನೇ ನೋಡಿದಳು. ಊರಿನವರ ಮೇಲೆ ಉರಿದಿದ್ದ ಸಿಟ್ಟು ಅವರ ಮುಂದೆ ಇಳಿದುಹೋಗಿತ್ತು. "ಸಾಹೇಬ್ರ, ದಾರಿ ಭಾಳ ಚಂದ ಇತ್ತ್ರಿ," ಎಂದಳು. "ನಮ್ಮನ್ನ ಮತ್ತ ಆ ಕೆಮ್ಮಿನವರ ಸಾಲಿನ್ಯಾಗ ನಿಲ್ಲಿಸ್ರಿ."

ಡಾಕ್ಟರಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದರು. ನಾನು ಉಳಿದದ್ದನ್ನು ನಾಳೆ ಬಂದು ಹೇಳುತ್ತೇನೆ ಎಂದೆ. ಅವರು ಹೊಸ ಗುಳಿಗೆಯ ಡಬ್ಬಿ ಚಿಗವ್ವನ ಕೈಯಲ್ಲಿಟ್ಟು, ಖಾಲಿ ಹೊಟ್ಟೆಯಲ್ಲಿ ಬೇಡ, ಏನಾದರೂ ತಿಂದು ನುಂಗಿ ಎಂದರು.

ಹೊರಗೆ ಕಣಗಿಲೆ ಗಿಡದ ನೆರಳಿನಲ್ಲಿ ಚಿಗವ್ವ ಕುಳಿತಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಫಕೀರಪ್ಪ ಕಾಕಾ ತಮ್ಮ ಅಂಗಿಯ ಜೇಬಿಗೆ ಕೈ ಹಾಕಿ, ಕಾಗದದಲ್ಲಿ ಸುತ್ತಿದ್ದ ಒಂದು ರೊಟ್ಟಿ ತೆಗೆದರು. ಅವಳೇ ಮಾಡಿದ್ದು. ನಡುವೆ ಮುರಿದರು, ಒಂದು ತುಂಡನ್ನು ನೀರಿನ ಲೋಟದಲ್ಲಿ ಅದ್ದಿ ತಮ್ಮ ಬೊಚ್ಚು ಬಾಯಿಗೆ ಇಟ್ಟುಕೊಂಡರು, ಇನ್ನೊಂದನ್ನು ಅವಳಿಗೆ ಕೊಟ್ಟರು. ಚಿಗವ್ವ ಕಚ್ಚಿದಳು. ಅಗಿದಳು. ಅಗಿಯುತ್ತಲೇ ಹುಬ್ಬು ಗಂಟಿಕ್ಕಿದಳು.

"ಇದೇನಿದು, ಚಪ್ಪಲಿ ಅಟ್ಟಿ ಇದ್ದಂಗ ಐತಿ! ಇಂಥಾ ದಪ್ಪ ರೊಟ್ಟಿ ಇಷ್ಟು ದಿನ ಹೆಂಗ ತಿಂದ್ರಿ?"

"ಏನ್ ಮಾಡೂದವ್ವ," ಎಂದರು ಕಾಕಾ, ಲೋಟದಲ್ಲಿ ಉಳಿದ ನೀರನ್ನು ಅವಳ ಮುಂದೆ ಹಿಡಿದು. "ನೀ ಮಾಡಿದ್ದು ಅಂತ ನುಂಗಿದ್ವಿ. ಈಗ ನೀ ನುಂಗು."